ಏಳಲೊಲ್ಲದ ವರ್ಚುವಲ್ ಮಷೀನು

ಗಣಕಯಂತ್ರದೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಯಂತ್ರಕ್ಕೆ ವರ್ಚುವಲ್ ಮಷೀನೆಂದು ಹೆಸರು. 1960ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ರೂಪುಗೊಂಡ ಈ ಏರ್ಪಾಡು ಇಂದು ವಿದ್ಯಾರ್ಥಿಯ ಮೇಜಿಗೂ ಬಂದಿದೆ. ಇದರ ಡಿಸ್ಕೆಂಬುದು ಸಾಮಾನ್ಯವಾಗಿ ಒಂದು ಕಡತ ಮಾತ್ರ. ವರ್ಷವೆಲ್ಲ ಮಾಡಿದ ಕೆಲಸ ಆ ಒಂದೇ ಕಡತದಲ್ಲಿರುವುದರಿಂದ, ಯಂತ್ರ ಏಳದಿದ್ದೊಡನೆ ಗಾಬರಿಗೊಂಡು ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಹೊರಡುವುದು ತರವಲ್ಲ. ಮೊದಲು ಯಂತ್ರವನ್ನು ನಿಲ್ಲಿಸಿ, ಆ ಕಡತದ ಪ್ರತಿಯನ್ನು ತೆಗೆದಿಡಬೇಕು.

ಬಳಿಕ ತೆರೆಯ ಮೇಲಿನ ಸಂದೇಶವನ್ನು ಓದಬೇಕು. ಬೂಟ್ ಮಾಡತಕ್ಕ ಮಾಧ್ಯಮ ಸಿಗಲಿಲ್ಲವೆಂದಿದ್ದರೆ ಮೂರು ಸಂಗತಿಗಳನ್ನು ಅನುಕ್ರಮವಾಗಿ ಪರೀಕ್ಷಿಸತಕ್ಕದ್ದು. ಮೊದಲನೆಯದು, ಡಿಸ್ಕಿನ ಕಡತ ಯಂತ್ರಕ್ಕೆ ಜೋಡಣೆಯಾಗಿದೆಯೇ ಎಂಬುದು. ಎರಡನೆಯದು, ಬೂಟ್ ಕ್ರಮದ ಪಟ್ಟಿಯಲ್ಲಿ ಆ ಡಿಸ್ಕು ಸೇರಿದೆಯೇ ಎಂಬುದು. ಮೂರನೆಯದು ಫರ್ಮ್‌ವೇರಿನ ಹೊಂದಿಕೆ. ಬಯಾಸ್ ಪದ್ಧತಿಯಲ್ಲಿ ಬೂಟ್ ಸೂಚನೆಗಳು ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಆರಂಭವಾಗುತ್ತವೆ, ಯು.ಇ.ಎಫ್.ಐ. ಪದ್ಧತಿಯಾದರೋ ಪ್ರತ್ಯೇಕ ವಿಭಾಗವೊಂದರಲ್ಲಿರುವ ಕಡತವನ್ನು ಹುಡುಕುತ್ತದೆ. ಆದ್ದರಿಂದ ಒಂದರಲ್ಲಿ ಮಾತ್ರ ಏಳುವಂತೆ ಸ್ಥಾಪಿಸಿದುದನ್ನು ಇನ್ನೊಂದರಲ್ಲಿ ಎಬ್ಬಿಸಹೋದರೆ, ಡಿಸ್ಕು ಸುಸ್ಥಿತಿಯಲ್ಲಿದ್ದರೂ ಯಂತ್ರ ಏಳದು.

ಒಮ್ಮೆಗೆ ಒಂದನ್ನೇ ಬದಲಿಸಿ ನೋಡಬೇಕು. ಹಲವನ್ನು ಕೂಡಿ ಬದಲಿಸಿದರೆ ಯಂತ್ರ ಎದ್ದರೂ ದೋಷವೆಲ್ಲಿತ್ತೆಂಬುದು ತಿಳಿಯದೆ ಹೋಗುತ್ತದೆ.