ರೋಗಿಶುಶ್ರೂಷೆಯೂ ಗಣಾಚಾರವೂ

ಪಂಚಾಚಾರಗಳಲ್ಲಿ ಭೃತ್ಯಾಚಾರ, ಗಣಾಚಾರ ಎಂಬೆರಡೂ ವಿಶೇಷವಾಗಿ ಪರರೊಡನೆ ನಡೆದುಕೊಳ್ಳುವ ಬಗೆಯನ್ನು ಕುರಿತವು. ತಾನು ಶಿವಭಕ್ತರ ಕಿಂಕರನೆಂಬ ವಿನಯದಿಂದ ಸೇವೆಯಲ್ಲಿ ತೊಡಗುವುದು ಭೃತ್ಯಾಚಾರ. ಗಣಾಚಾರವನ್ನು ಶಿವನಿಂದೆಯನ್ನು ಸಹಿಸದ ವೀರವ್ರತವೆಂದಷ್ಟೇ ಹಲವರು ತಿಳಿದಿರುವರು. ಆದರೆ ಗಣವನ್ನು, ಎಂದರೆ ಒಂದೇ ಆಚಾರಕ್ಕೆ ಒಳಪಟ್ಟ ಸಮುದಾಯವನ್ನು, ಕಾಯುವ ಹೊಣೆಯೂ ಅದರಲ್ಲಿ ಅಡಗಿದೆ. ಒಬ್ಬನ ಭೃತ್ಯಾಚಾರಕ್ಕೆ ಉಳಿದವರ ಗಣಾಚಾರವು ಬೆನ್ನಾಗಿ ನಿಲ್ಲಬೇಕು. ಈ ನಂಟು ಎಲ್ಲಿ ಕಡಿದಿದೆಯೆಂದು ಅರಿಯಲು ದೂರ ಹೋಗಬೇಕಾಗಿಲ್ಲ; ಬಹುಕಾಲದ ರೋಗಿಯಿರುವ ಮನೆಯಲ್ಲಿ ಆರೈಕೆಗೆ ನಿಂತ ಎಳೆಯರನ್ನು ನೋಡಿದರೆ ಸಾಕು.

ಇಂಥ ಮನೆಗಳು ಊರೂರಿನಲ್ಲಿಯೂ ಇವೆ. ಅಜ್ಜನಿಗೆ ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಬಿದ್ದುಹೋಗಿರುತ್ತದೆ. ತಂದೆ ಹೊಲಕ್ಕೆ ಹೋಗದಿದ್ದರೆ ಒಲೆ ಉರಿಯದು. ತಾಯಿಗೆ ಕೂಲಿ ತಪ್ಪಿದರೆ ಔಷಧಿ ಬಾರದು. ಉಳಿದವಳು 14-15 ವರ್ಷದ ಮೊಮ್ಮಗಳು. ಮೊದಲು ವಾರಕ್ಕೆ ಒಂದು ದಿನ ಶಾಲೆ ತಪ್ಪುವುದು, ಬಳಿಕ ಮೂರು ದಿನ, ಕಡೆಗೆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುವುದು. ಶಾಲೆ ಬಿಡೆಂದು ಆಕೆಗೆ ಯಾರೂ ಹೇಳಿರುವುದಿಲ್ಲ. ಯಾರೂ ಹೇಳದೆಯೇ ಆಗುವ ಕೆಲಸವಾದುದರಿಂದ ಯಾರೂ ತಡೆಯುವುದೂ ಇಲ್ಲ. ರೋಗಿಯನ್ನು ನೋಡಲು ಬಂದವರು ಆಕೆಯನ್ನು ಬಾಯ್ತುಂಬ ಹೊಗಳುವರು; ಶ್ರವಣಕುಮಾರನ ಕಥೆಯನ್ನು ನೆನೆಯುವರು. ಆ ಕಾವಡಿಯನ್ನು ಸ್ವಲ್ಪ ದೂರವಾದರೂ ಹೊರಲು ಬೇರೊಬ್ಬರು ಮುಂದೆ ಬಂದರೆ ಎಂದು ಆ ಕಥೆ ಹೇಳುವವರು ಕೇಳುವುದು ಅಪೂರ್ವ.

ಆ ಹುಡುಗಿ ಮಾಡುವ ಕೆಲಸವಾದರೂ ಎಂಥದು? ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುವುದು. ರಾತ್ರಿಯೂ ಈ ಕೆಲಸಕ್ಕೆ ಬಿಡುವಿಲ್ಲ. ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿ ಕುಗ್ಗಿದವರಿಗೆ ಮಲಗಿಸಿಯೇ ಉಣಿಸಿದರೆ ಅನ್ನ ನೀರು ಶ್ವಾಸನಾಳಕ್ಕೆ ಇಳಿದು ಪುಪ್ಪುಸಕ್ಕೆ ಕೇಡಾಗಬಹುದು. ನೆಟ್ಟಗೆ ಕೂರಿಸಿ, ಸಣ್ಣ ತುತ್ತಿನಲ್ಲಿ, ತಾಳ್ಮೆಯಿಂದ ಉಣಿಸಬೇಕು. ದೊಡ್ಡವರ ದೇಹವನ್ನು ಎತ್ತುವ ಕ್ರಮವನ್ನು ಯಾರೂ ಕಲಿಸಿರದ ಕಾರಣ ಎಳೆಯ ಬೆನ್ನು ಉಳುಕುವುದು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ನಡೆಯುತ್ತಿದ್ದರೆ, ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ನಾಲ್ಕು ಗಂಟೆ, ಆಸ್ಪತ್ರೆಯಲ್ಲಿ ಕಳೆಯಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಈ ಚಿಕಿತ್ಸೆ ಉಚಿತವಾಗಿ ದೊರೆಯುತ್ತಿದೆ ನಿಜ. ಆದರೆ ತಾಯಿಯೊಡನೆ ಬಸ್ಸು ಹತ್ತಿ ಹೋಗುವ ಮಗನ ಆ ದಿನಗಳ ಪಾಠವನ್ನು ಯಾವ ಕಾರ್ಯಕ್ರಮವೂ ತಿರುಗಿ ಕೊಡದು. ಇನ್ನು ಮನೆಯವರಿಗೆ ಮನೋರೋಗವಿದ್ದರೆ ಹೇಳುವುದೇನು! ಮುಂದೆ ಹೆಣ್ಣು ಗಂಡು ಕೂಡಿಬರದೆಂಬ ಭಯದಿಂದ ರೋಗವನ್ನು ಮುಚ್ಚಿಡುವರು. ಮುಚ್ಚಿಡುವ ಭಾರವೂ ಮಗುವಿನ ಮೇಲೆಯೇ ಬೀಳುವುದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನಡೆಯನ್ನು ನೆನೆಯುವುದು ಉಚಿತ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿದಳು. ಈ ಪ್ರಸಂಗವನ್ನು ಅತ್ಯಾಸೆಯ ನಿಷೇಧಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಅದು ಸರಿಯೇ. ಆದರೆ ಅದರ ಒಡಲಲ್ಲಿರುವುದು ಅಳತೆಯ ತತ್ತ್ವ. ಪಡೆಯುವುದಕ್ಕೆ ಅಳತೆಯಿರುವಂತೆ ಹೊರುವುದಕ್ಕೂ ಅಳತೆಯಿರಬೇಡವೆ? ಹತ್ತು ಮನೆಯವರು ಹಂಚಿಕೊಳ್ಳಬಹುದಾದ ಭಾರವನ್ನು ಒಂದು ಮಗುವಿನ ಹೆಗಲಿಗೇರಿಸಿ, ಅದು ಆ ಮಗುವಿನ ಪುಣ್ಯವೆನ್ನುವವರು ಲಕ್ಕಮ್ಮನ ಮುಂದೆ ನಿಂತರೆ ಏನುತ್ತರ ಕೊಟ್ಟಾರು?

ಕಾಯಕದ ಮುಂದೆ ಗುರುಲಿಂಗಜಂಗಮರ ಸೇವೆಯನ್ನೂ ಹಿಂದಕ್ಕಿರಿಸುವಷ್ಟು ನಿಷ್ಠುರ ಮಾರಯ್ಯನದು. ಬಾಲಕರಿಗೆ ವಿದ್ಯಾಭ್ಯಾಸವೇ ಕಾಯಕವೆಂದು ಒಪ್ಪಿದ ಮೇಲೆ, ಶುಶ್ರೂಷೆಯ ಹೆಸರಿನಲ್ಲಿ ಅದನ್ನು ಕಿತ್ತುಕೊಳ್ಳುವುದು ಶರಣಮಾರ್ಗವಾಗದು. ಹಾಗೆಂದು ಮಕ್ಕಳು ರೋಗಿಯ ಬಳಿಗೇ ಸುಳಿಯಬಾರದೆಂದಲ್ಲ. ಅಜ್ಜಿಗೆ ನೀರು ಕುಡಿಸುವ, ಅಜ್ಜನ ಪಕ್ಕದಲ್ಲಿ ಕುಳಿತು ಓದಿ ಹೇಳುವ ಮಗುವಿಗೆ ಯಾವ ಪಠ್ಯವೂ ಕಲಿಸದ ಕರುಣೆ ಬರುವುದು. ಶಾಲೆಯೂ ನಿದ್ರೆಯೂ ಆಟವೂ ಉಳಿದಿರುವವರೆಗೆ ಅದು ಸೇವೆ. ಅವು ಹೋದ ಮೇಲೆ ಅದಕ್ಕೆ ಜೀತವೆಂದೇ ಹೆಸರು.

ರಾಜಶಾಸನಗಳಲ್ಲಿ ಈ ಮಕ್ಕಳ ವಿಷಯ ಎಷ್ಟಿದೆ? ಇಂಗ್ಲೆಂಡಿನಲ್ಲಿ 2014ರ ಶಾಸನದಂತೆ ಮನೆಯವರ ಆರೈಕೆಗೆ ನಿಂತ ಎಳೆಯರಿಗೆ ಯಾವ ನೆರವು ಬೇಕೆಂದು ಸ್ಥಳೀಯ ಆಡಳಿತವೇ ವಿಚಾರಿಸತಕ್ಕದ್ದು. ಭಾರತದಲ್ಲಿ ಅವರಿಗೆಂದೇ ಪ್ರತ್ಯೇಕ ಶಾಸನವಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದವರಿಗೆ ಅನ್ವಯಿಸುವುದರಿಂದ 15ರ ಹುಡುಗಿ ಅದರ ಅಂಚಿನಾಚೆ ನಿಲ್ಲುತ್ತಾಳೆ. ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯವನ್ನು ಕೊಡುವ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿದೆ. ಆದರೆ ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೂ ಕಛೇರಿಗೂ ಅಲೆಯುವವರು ಯಾರು? ಇದು ಮಗು ಮಾಡುವ ಕೆಲಸವಲ್ಲ. ಅಕ್ಷರ ಬಲ್ಲ ನೆರೆಯ ಗೃಹಸ್ಥರು ಮಾಡತಕ್ಕದ್ದು. ಪಾಠ ತಪ್ಪಿದವರಿಗೂ ದಾರಿಗಳಿವೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಮನೆಯಲ್ಲಿ ಓದಿಯೇ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿಯೂ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಮನಸ್ಸು ಕುಗ್ಗಿದಾಗ, ಮನೆಯಲ್ಲಿ ಮನೋರೋಗದ ತೊಡಕಿದ್ದಾಗ 14416 ಸಂಖ್ಯೆಗೆ ದೂರವಾಣಿ ಮಾಡಿದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ ಉಚಿತವಾಗಿ ಸಲಹೆ ದೊರೆಯುವುದು, ಕನ್ನಡದಲ್ಲಿಯೇ ಮಾತನಾಡಬಹುದು. 18 ವರ್ಷದೊಳಗಿನ ಮಕ್ಕಳ ಸಂಕಟಕ್ಕೆ 1098 ಇದೆ.

ನಾಡಿನ ಮಠಗಳು ಅನ್ನದಾಸೋಹಕ್ಕೂ ವಿದ್ಯಾದಾಸೋಹಕ್ಕೂ ಹೆಸರಾದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಮತಭೇದವಿಲ್ಲದೆ ಉಂಡು ಓದುತ್ತಿರುವುದು ಎಲ್ಲರೂ ಬಲ್ಲ ವಿಷಯ. ಆದರೆ ಪ್ರಸಾದನಿಲಯದ ಬಾಗಿಲು ಎಷ್ಟು ಅಗಲವಾಗಿ ತೆರೆದಿದ್ದರೂ ರೋಗಿಯ ಹಾಸಿಗೆಯನ್ನು ಬಿಟ್ಟು ಏಳಲಾರದ ಮಗು ಅಲ್ಲಿಗೆ ಬರಲಾರದು. ದಾಸೋಹವೇ ಆ ಮನೆಗೆ ಹೋಗಬೇಕು. ಆ ದಾಸೋಹದಲ್ಲಿ ನೀಡಬೇಕಾದುದು ಅಕ್ಕಿಬೇಳೆಗಿಂತ ಹೆಚ್ಚಾಗಿ ಹೊತ್ತು. ಅಮಾವಾಸ್ಯೆಯ ಶಿವಾನುಭವಗೋಷ್ಠಿಗೆ ಕೂಡಿದವರಲ್ಲಿ ಐದು ಮನೆಯವರು ವಾರಕ್ಕೆ ಎರಡೆರಡು ಗಂಟೆ ಕೊಟ್ಟರೆ ಹತ್ತು ಗಂಟೆಯಾಯಿತು. ಮಗು ಬಿಟ್ಟ ಗಣಿತವನ್ನು ಹಿಡಿಯಲು ಅಷ್ಟು ಸಾಕು. ಊರಿನ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಯಿಸಿ, ರೋಗಿಯನ್ನು ಎತ್ತುವ, ಹೊರಳಿಸುವ, ಉಣಿಸುವ ಕ್ರಮವನ್ನು ಮನೆಯ ದೊಡ್ಡವರಿಗೂ ನೆರೆಯವರಿಗೂ ಒಮ್ಮೆ ತೋರಿಸಿಕೊಡುವಂತೆ ಕೇಳಬೇಕು. ಗಂಡುಮಕ್ಕಳಿರುವ ಮನೆಯಲ್ಲಿಯೂ ಈ ಕೆಲಸವು ಹೆಣ್ಣುಮಗುವಿನದೇ ಎಂಬ ರೂಢಿಯುಂಟು. ಹೆಣ್ಣು ಗಂಡೆಂಬ ಭೇದವನ್ನು ಅಲ್ಲಗಳೆದ ಶರಣರ ಹೆಸರು ಹೇಳುವವರಿಗೆ ಅದು ತಕ್ಕದ್ದಲ್ಲ.

ಕೇಳುವ ಬಗೆಯಲ್ಲಿಯೂ ಎಚ್ಚರ ಬೇಕು. "ಏನಾದರೂ ಬೇಕಾದರೆ ಹೇಳವ್ವಾ" ಎಂದು ಹೇಳಿ ಹೊರಟುಹೋದರೆ ಆ ಹುಡುಗಿ ಎಂದಿಗೂ ಕೇಳಳು. ಮನೆಯ ಮಾನ, ಸಂಕೋಚ, ತನ್ನಿಂದಾಗಲಿಲ್ಲವೆಂಬ ಅಳುಕು ಆಕೆಯ ಬಾಯಿ ಕಟ್ಟುವುವು. "ಮಂಗಳವಾರ ಸಂಜೆ ನಾಲ್ಕರಿಂದ ಆರರವರೆಗೆ ಅಜ್ಜನ ಹತ್ತಿರ ನಾನು ಕೂಡುವೆನವ್ವಾ, ನೀನು ನಿಮ್ಮ ಗುರುಗಳ ಮನೆಗೆ ಪಾಠಕ್ಕೆ ಹೋಗಿ ಬಾ" ಎಂದು ಹೇಳಿ, ಆ ಮಂಗಳವಾರ ನಾಲ್ಕಕ್ಕೆ ಸರಿಯಾಗಿ ಹೋಗಿ ಕೂಡಬೇಕು.