ಹ್ಯಾಂಡಲ್ ಯಾಕೆ ಕಚ್ಚಿಕೊಳ್ಳುತ್ತದೆ?

ಅಪ್ಪನ ಬೈಕಿನ ಹ್ಯಾಂಡಲ್ ನೇರಕ್ಕೆ ಬಂದಾಗ 'ಟಕ್' ಅಂತ ಕಚ್ಚಿಕೊಳ್ಳುತ್ತಿತ್ತು. ಒಮ್ಮೆ ತಿರುವಿನಲ್ಲಿ ನಾನೂ ಅಪ್ಪನೂ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಭಾನುವಾರ ಚಿಕ್ಕಪ್ಪ ಅಂಗಳದಲ್ಲೇ ಬಿಚ್ಚಿದರು. ಚಕ್ರ, ಹ್ಯಾಂಡಲ್ ತೆಗೆದು ಫೋರ್ಕ್ ಇಳಿಸಿದಾಗ ಬಾಲ್ಸು ಉದುರಿದವು. ಗೋಣಿಚೀಲ ಹಾಸಿದ್ದೆವು, ಒಂದೂ ಕಳೆಯಲಿಲ್ಲ. ಕಪ್ಪಿನೊಳಗೆ ಬಾಲ್ಸು ಕೂತಲ್ಲೆಲ್ಲ ಸಣ್ಣ ಸಣ್ಣ ಕುಳಿ! ಓಡಿಸುವಾಗ ಹ್ಯಾಂಡಲ್ ಹೆಚ್ಚಾಗಿ ನೇರವೇ ಇರುತ್ತದೆ. ರಸ್ತೆ ಹೊಂಡದ ಪೆಟ್ಟೆಲ್ಲ ಅದೇ ಜಾಗಕ್ಕೆ ಬೀಳುತ್ತದೆ. ಆದ್ದರಿಂದ ಬಾಲ್ಸು ಮಾತ್ರ ಸಾಲದು, ಕೋನ್ ಸೆಟ್ ಪೂರ್ತಿ ಬದಲಿಸಬೇಕು. ಹೊಸ ಕಪ್ ಓರೆಯಾಗದಂತೆ ಕೂರಿಸಿ, ಬಾಲ್ಸನ್ನು ಗ್ರೀಸಿನಲ್ಲಿ ಅಂಟಿಸಿದರು.

ನಟ್ಟು ಬಿಗಿಯೋದೇ ಕಷ್ಟ. ಅತಿ ಬಿಗಿಯಾದರೆ ಬೈಕು ಓಲಾಡುತ್ತದೆ, ಸಡಿಲಾದರೆ ಬ್ರೇಕ್ ಹಿಡಿದಾಗ ಬಡಿಯುತ್ತದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಟ್ಟಿದರೆ ಅದು ತಾನಾಗಿ ಹೊರಳಬೇಕು. ಫೋರ್ಕನ್ನು ಹಿಂದೆಮುಂದೆ ಎಳೆದರೆ ಅಲ್ಲಾಡಬಾರದು. ಚಿಕ್ಕಪ್ಪ ಮೂರು ಸಲ ಸಡಿಲಿಸಿ ಬಿಗಿದರು. ಹಳೇ ಕಪ್ ನನ್ನ ಹತ್ತಿರ ಇದೆ, ಬಂದು ನೋಡಿ.