ಮಹಡಿ ಮೇಲಿನ ನೀರಗಂಟಿ

ಪಕ್ಕದ ಮನೆಯವರ ಸಂಡಿಗೆ ನೆನೆದ ದಿನ ನಾನು ಟೈಮರ್ ಕೊಳ್ಳುವುದೆಂದು ತೀರ್ಮಾನಿಸಿದೆ. 2023ರ ಮಾರ್ಚ್. ದಾಸವಾಳದ ಕುಂಡಕ್ಕೆ ಪೈಪು ಇಟ್ಟವಳು, ಕುಕ್ಕರ್ ಕೂಗಿತೆಂದು ಕೆಳಗಿಳಿದೆ. ತಿಂಡಿ, ಮಗನ ಡಬ್ಬಿ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಪೈಪಿನ ನೆನಪೇ ಹಾರಿಹೋಯಿತು. ನೀರು ಕುಂಡ ತುಂಬಿ, ಮಹಡಿಯೆಲ್ಲ ಹರಿದು, ಮೂಲೆಯ ಕೊಳವೆಯಿಂದ ಪಕ್ಕದವರ ಅಂಗಳಕ್ಕೆ ಧುಮುಕಿತ್ತು. ಅಲ್ಲಿ ಹಳೇ ಸೀರೆಯ ಮೇಲೆ ಹರವಿದ್ದ ಅಕ್ಕಿ ಸಂಡಿಗೆ ಮತ್ತೆ ಹಿಟ್ಟಾಗಿತ್ತು. ಸಂಜೆ ಬಂದಾಗ ಆ ಮನೆಯಾಕೆ ಬೈಯಲಿಲ್ಲ. "ಟೀಚರ್, ನಿಮ್ಮ ಗಿಡಕ್ಕೆ ಸಾಕಾಗಿ ನಮ್ಮ ಸಂಡಿಗೆಗೂ ಆಯ್ತು" ಅಂದರಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮದು ಬೆಂಗಳೂರಿನ 30×40ರ ಸೈಟು. ನೆಲದಲ್ಲಿ ತುಳಸಿಕಟ್ಟೆಗೊಂದು ಜಾಗ, ಮಿಕ್ಕಿದ್ದೆಲ್ಲ ಮಹಡಿಯ ಮೇಲೆ. ಒಟ್ಟು 42 ಕುಂಡ. ಬದನೆ, ಟೊಮೆಟೊ, ಹೀರೆ, ಕರಿಬೇವು, ದೊಡ್ಡಪತ್ರೆ, ಎರಡು ಮಲ್ಲಿಗೆ, ಅತ್ತೆಯ ಲೋಳೆಸರ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಮಗನಿಗೆ ಬೆಳಗಾಗುವುದೇ ಒಂಬತ್ತಕ್ಕೆ. ಯಜಮಾನರು ನೀರು ಹಾಕುತ್ತಾರೆ, ಆದರೆ ಪೈಪಿನ ಬಾಯಿಗೆ ಹೆಬ್ಬೆರಳಿಟ್ಟು ಕಾರು ತೊಳೆದ ಹಾಗೆ. ಅವರು ನೀರು ಹಾಕಿದ ದಿನ ಅರ್ಧ ಮಣ್ಣು ಗೋಡೆಯ ಮೇಲಿರುತ್ತದೆ.

ಟೈಮರ್ ಅಂದರೆ ನಲ್ಲಿಗೂ ಪೈಪಿಗೂ ನಡುವೆ ಸಿಕ್ಕಿಸುವ ಪುಟ್ಟ ಡಬ್ಬಿ. ಎರಡು ಸೆಲ್ಲು ಹಾಕಿದರೆ ಹೇಳಿದ ಹೊತ್ತಿಗೆ ನೀರು ಬಿಡುತ್ತದೆ, ಹೇಳಿದಷ್ಟು ನಿಮಿಷವಾದ ಮೇಲೆ ನಿಲ್ಲಿಸುತ್ತದೆ. ತರಿಸಿದೆ. ಮೊದಲ ಪಾಠ ಡಬ್ಬಿ ಬಿಚ್ಚುವಾಗಲೇ ಆಯಿತು: ಅದರ ಬಾಯಿ ಮುಕ್ಕಾಲು ಇಂಚು, ನಮ್ಮ ನಲ್ಲಿ ಅರ್ಧ ಇಂಚು. ಹಾರ್ಡ್‌ವೇರ್ ಅಂಗಡಿಯ ಹುಡುಗ ನನ್ನ ಕೈಯಲ್ಲಿದ್ದುದನ್ನು ನೋಡಿದವನೇ ಏನೂ ಕೇಳದೆ ಒಂದು ಹಿತ್ತಾಳೆಯ ತುಂಡು, ಒಂದು ಸುರುಳಿ ಟೆಫ್ಲಾನ್ ಟೇಪು ಮುಂದಿಟ್ಟ. ನನ್ನಂಥವರು ಬಹಳ ಮಂದಿ ಬರುತ್ತಾರೆಂದು ಕಾಣುತ್ತದೆ. ಜೊತೆಗೆ 16 ಮಿಲಿಮೀಟರಿನ ಕಪ್ಪು ಪೈಪು, ಕುಂಡಕ್ಕೊಂದರಂತೆ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ಡ್ರಿಪ್ಪರು, ಒಂದು ಜರಡಿ ಫಿಲ್ಟರ್ ಕೊಂಡೆ. ಒಂದು ಭಾನುವಾರ ಪೂರ್ತಿ ಪೈಪಿಗೆ ತೂತು ಹೊಡೆಯುತ್ತ ಕೂತೆ.

ಸೋಮವಾರ ಬೆಳಿಗ್ಗೆ ಟೈಮರ್ 'ಟಕ್' ಅಂದಿತು. ನೀರು ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದ ನಾಲ್ಕಾರು ಡ್ರಿಪ್ಪರಿನಲ್ಲಿ ಇಣುಕಿತು. ಹತ್ತು ನಿಮಿಷದ ಮೇಲೆ ಮತ್ತೆ 'ಟಕ್'. ಈಗ ನಿಲ್ಲಬೇಕಲ್ಲ? ನಿಲ್ಲಲಿಲ್ಲ, ಸಣ್ಣಗೆ ಒಸರುತ್ತಲೇ ಇತ್ತು. "ಡಿಫೆಕ್ಟು, ವಾಪಸ್ ಕಳಿಸು" ಅಂದರು ಇವರು. ಕಳಿಸುವ ಮುನ್ನ ಪೆಟ್ಟಿಗೆಯ ಮೇಲಿನ ಸಣ್ಣಕ್ಷರ ಓದಿದೆ: 0.5ರಿಂದ 8 ಬಾರ್.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹತ್ತು ಮೀಟರ್ ಎತ್ತರದ ನೀರಿಗೆ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ನಮ್ಮ ಟ್ಯಾಂಕು ಕೂತಿರುವುದು ಮಹಡಿಯಿಂದ ಆರಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಕಂಠಪೂರ್ತಿ ತುಂಬಿದ್ದಾಗಲೂ ನಲ್ಲಿಯ ಮೇಲೆ ನಿಂತ ನೀರು ಎರಡೂವರೆ ಮೀಟರ್ ದಾಟದು. ಅಂದರೆ ಕಾಲು ಬಾರ್. ಡಬ್ಬಿ ಕೇಳಿದ್ದರಲ್ಲಿ ಅರ್ಧ! ಅದರೊಳಗಿದ್ದುದು ಒಂದು ರಬ್ಬರ್ ಪೊರೆ. ಸೆಲ್ಲಿನ ಕರೆಂಟು ಒಂದು ಪುಟ್ಟ ತೂತನ್ನು ತೆರೆದು ಮುಚ್ಚುತ್ತದೆ ಅಷ್ಟೆ; ಪೊರೆಯನ್ನು ಎತ್ತುವ, ಒತ್ತಿ ಕೂರಿಸುವ ಕೆಲಸ ನೀರಿನ ಒತ್ತಡದ್ದು. ಬೀದಿಯ ಕೊಳಾಯಿಯಲ್ಲೇ ಇಪ್ಪತ್ನಾಲ್ಕು ಗಂಟೆ ರಭಸದ ನೀರು ಬರುವ ಊರುಗಳಿಗೆಂದು ಮಾಡಿದ ಸಾಮಾನು ಅದು. ಸಂಪು, ಮೋಟರು, ಮೇಲೊಂದು ಟ್ಯಾಂಕು ಎಂದು ಬದುಕುವ ನಮ್ಮ ಮನೆಗಳಿಗಲ್ಲ. ಕೊಳ್ಳುವವರು ಬೆಲೆಗಿಂತ ಮೊದಲು ಈ ಒಂದು ಅಂಕಿ ನೋಡಬೇಕು.

ಎರಡನೆಯದು ಬಾಲ್ ವಾಲ್ವಿನ ಟೈಮರ್. ಇದರಲ್ಲಿ ತೂತಿರುವ ಒಂದು ಗುಂಡನ್ನು ಪುಟ್ಟ ಮೋಟರು ಕಾಲು ಸುತ್ತು ತಿರುಗಿಸುತ್ತದೆ. 'ಟಕ್' ಅನ್ನುವುದಿಲ್ಲ, 'ಗುರ್ರ್' ಎಂದು ಕೆಲವು ಸೆಕೆಂಡು ಗೊಣಗಿ ತೆರೆದುಕೊಳ್ಳುತ್ತದೆ. ಒತ್ತಡದ ಹಂಗಿಲ್ಲ. ಮುಖದ ಮೇಲೆ ಎರಡೇ ತಿರುಪು: ಎಷ್ಟು ಗಂಟೆಗೊಮ್ಮೆ, ಎಷ್ಟು ನಿಮಿಷ. ಅತ್ತೆ ಕೂಡ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ಆದರೆ ಇಷ್ಟು ಸರಳವಾದದ್ದರಲ್ಲೂ ಒಂದು ಕೊಕ್ಕೆ. ಇದರೊಳಗೆ ಗಡಿಯಾರವಿಲ್ಲ. ತಿರುಪು ತಿರುಗಿಸಿದ ಗಳಿಗೆಯಿಂದಲೇ ಅದರ ಲೆಕ್ಕ ಶುರು. ಬೆಳಿಗ್ಗೆ ಐದೂವರೆಗೆ ನೀರು ಬೇಕೆಂದರೆ ಒಂದು ದಿನವಾದರೂ ಐದೂವರೆಗೆ ಎದ್ದು ಅದರ ಮುಂದೆ ನಿಲ್ಲಬೇಕು. ನಾನು ಭಾನುವಾರ ಹನ್ನೆರಡಕ್ಕೆ ತಿರುಗಿಸಿ ಕೆಳಗಿಳಿದೆ. ವಾರವಿಡೀ ಮಟಮಟ ಮಧ್ಯಾಹ್ನ ಹನ್ನೆರಡಕ್ಕೇ ನೀರು. ಕಪ್ಪು ಪೈಪಿನೊಳಗೆ ಕಾದ ನೀರಿಗೆ ಬೆರಳಿಟ್ಟು ನೋಡಿದೆ, ಅಭ್ಯಂಜನಕ್ಕಾಗುವಷ್ಟು ಬಿಸಿ. ಪುದೀನ ಬೆಂದೇ ಹೋಗಿತ್ತು.

ಹೊತ್ತು ಸರಿಯಾಯಿತು. ಇನ್ನು ನಿಮಿಷ ಎಷ್ಟು? ಪೆಟ್ಟಿಗೆಯೊಳಗಿನ ಚೀಟಿ ಹದಿನೈದು ಅನ್ನುತ್ತಿತ್ತು. ಗಿಡ ಕುಡಿಯುವುದು ನಿಮಿಷಗಳನ್ನಲ್ಲವಲ್ಲ. ಒಂದು ರಜೆಯ ದಿನ ಅಡುಗೆಮನೆ ಬರಿದು ಮಾಡಿದೆ. ಲೋಟ, ಚೊಂಬು, ಪಾತ್ರೆ, ಮಗನ ಹಳೇ ಡಬ್ಬಿ, ಮೊಸರಿನ ಕಪ್ಪು, ಹೀಗೆ 42 ಡ್ರಿಪ್ಪರಿನ ಕೆಳಗೂ ಒಂದೊಂದು ಇಟ್ಟು ಅರ್ಧ ಗಂಟೆ ನೀರು ಬಿಟ್ಟೆ. "ಯಾರಾದ್ರೂ ಊಟಕ್ಕೆ ಬರ್ತಾರೇನಮ್ಮಾ?" ಎಂದು ಅತ್ತೆ ಕೆಳಗಿನಿಂದ ಕೂಗಿದರು. ಆಮೇಲೆ ಅಳತೆಯ ಜಾಡಿಗೆ ಒಂದೊಂದನ್ನೇ ಸುರಿದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತ ಹೋದೆ. ನಲ್ಲಿಯ ಪಕ್ಕದ ಬದನೆಗೆ 700 ಮಿಲಿಲೀಟರ್. ಕಟ್ಟಕಡೆಯ ಮಲ್ಲಿಗೆಗೆ 180.

ಮಳೆಗಾಲ ಕೈಕೊಟ್ಟ ವರ್ಷ ಪತ್ರಿಕೆಯಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ: ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗಕ್ಕೆ, ಮದ್ದೂರು ಮಳವಳ್ಳಿ ಕಡೆಗೆ, ನೀರು ತಲುಪಿಲ್ಲವೆಂದು ರೈತರ ಧರಣಿ. ನನ್ನ ಮಹಡಿಯಲ್ಲೂ ಒಂದು ಕೊನೇ ಭಾಗ ಇತ್ತು, ಆ ಮಲ್ಲಿಗೆ ಮೊಗ್ಗು ಬಿಡದೆ ಧರಣಿ ಕೂತಿತ್ತು! ಮದ್ದೇನೋ ಸುಲಭದ್ದೇ. ಪೈಪಿಗೆ ನೀರನ್ನು ಒಂದು ತುದಿಯಿಂದ ಕೊಡುವ ಬದಲು ನಡುವಿಗೊಂದು ಟೀ ಹಾಕಿ ಎರಡೂ ಕಡೆಗೆ ಕೊಟ್ಟೆ. ಹತ್ತಿರದ ಡ್ರಿಪ್ಪರುಗಳನ್ನು ಬಿಗಿ ಮಾಡಿ ದೂರದವನ್ನು ಸಡಿಲಿಸಿದೆ. ಮೂರು ಸಲ ಪಾತ್ರೆ ಇಟ್ಟು ಅಳೆದ ಮೇಲೆ ಎಲ್ಲ ಕುಂಡವೂ ಅರ್ಧ ಲೀಟರಿನ ಆಸುಪಾಸಿಗೆ ಬಂತು. ಬೇಸಿಗೆಯಲ್ಲಿ ಹನ್ನೆರಡು ಗಂಟೆಗೊಮ್ಮೆ ಅರ್ಧ ಗಂಟೆ. ಕುಂಡಕ್ಕೆ ದಿನಕ್ಕೊಂದು ಲೀಟರ್, ಒಟ್ಟು 42 ಲೀಟರ್. ಒಂದೇ ಸಲ ಒಂದು ಲೀಟರ್ ಕೊಟ್ಟು ನೋಡಿದ್ದೆ, ಪ್ರಯೋಜನವಿಲ್ಲ. ಕೋಕೋಪೀಟ್ ಬೆರೆಸಿದ ಮಣ್ಣು ಒಣಗಿದಾಗ ಕುಂಡದ ಗೋಡೆ ಬಿಟ್ಟು ಕುಗ್ಗಿರುತ್ತದೆ. ನೀರು ಆ ಸಂದಿನಲ್ಲೇ ಜಾರಿ ತಳದ ತೂತಿನಿಂದ ಹೊರಗೆ ಬರುತ್ತದೆ, ಬೇರಿಗೆ ದಕ್ಕುವುದಿಲ್ಲ.

ಇಷ್ಟಾದ ಮೇಲೆ ನನಗೆ ತುಸು ಜಂಬ ಬಂದಿತ್ತೆಂದು ಒಪ್ಪಿಕೊಳ್ಳಬೇಕು. ಶಿವಮೊಗ್ಗದಲ್ಲಿ ತಂಗಿಯ ಮಗಳ ಮದುವೆ. ನಾನೂ ಇವರೂ ನಾಲ್ಕು ದಿನಕ್ಕೆ ಹೊರಟೆವು. ಹೊರಡುವ ಗಡಿಬಿಡಿಯಲ್ಲಿ ಟೈಮರಿನ ದೀಪ ಮಂಕಾಗಿದ್ದು ಕಂಡು, ಗೋಡೆ ಗಡಿಯಾರದಿಂದ ಬಿಚ್ಚಿಟ್ಟಿದ್ದ ಹಳೇ ಸೆಲ್ಲು ಹಾಕಿದೆ. ಗಡಿಯಾರದ ಮುಳ್ಳಿಗೆ ಸಾಲದ್ದು ಮೋಟರಿಗೆ ಎಲ್ಲಿ ಸಾಕಾದೀತು? ಅದು ತನ್ನ ಕೊನೆಯ ಉಸಿರಿನಲ್ಲಿ ವಾಲ್ವನ್ನು ತೆರೆಯಿತು. ಮುಚ್ಚಲು ತ್ರಾಣವಿರಲಿಲ್ಲ. ಸೆಲ್ಲು ಸತ್ತರೆ ಈ ಬಗೆಯ ಗುಂಡು ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಗಂಟೆಗೆ 42 ಲೀಟರಿನಂತೆ ರಾತ್ರಿ ಹಗಲು ಹರಿದು, ಮರುದಿನಕ್ಕೆ ಸಾವಿರ ಲೀಟರಿನ ಟ್ಯಾಂಕು ತಳ ಕಂಡಿತು. ನನಗದು ತಿಳಿದದ್ದು ಧಾರೆಯ ಹೊತ್ತಿಗೆ ಬಂದ ಅತ್ತೆಯ ಫೋನಿನಿಂದ.

"ಏನಮ್ಮಾ, ಮುಖಕ್ಕೆ ಸೋಪು ಹಚ್ಕೊಂಡು ನಿಂತಿದೀನಿ, ನಲ್ಲೀಲಿ ಗಾಳಿ ಬರ್ತಾ ಇದೆ. ಕಣ್ಣು ಬಿಡಕ್ಕಾಗ್ತಿಲ್ಲ."

ಮಗ ಎದ್ದಿರಲಿಲ್ಲ. ಕುಡಿಯುವ ನೀರಿನ ಬಿಂದಿಗೆಯಿಂದ ಮುಖ ತೊಳೆದುಕೊಂಡರಂತೆ. ಇಂದಿಗೂ ನೆಂಟರ ಮುಂದೆ ಹೇಳುತ್ತಾರೆ, ಪ್ರತಿ ಸಲವೂ ಸೋಪು ಸ್ವಲ್ಪ ಹೆಚ್ಚಾಗುತ್ತದೆ.

ಊರಿಂದ ಬಂದವಳು ಮಾಡಿದ ಮೊದಲ ಕೆಲಸ, ತೋಟವನ್ನು ಮನೆಯ ಟ್ಯಾಂಕಿನಿಂದ ಬೇರ್ಪಡಿಸಿದ್ದು. 200 ಲೀಟರಿನ ನೀಲಿ ಡ್ರಮ್ಮು ತಂದು ಸಿಮೆಂಟ್ ಇಟ್ಟಿಗೆ ಪೇರಿಸಿ ಮೂರಡಿ ಎತ್ತರದಲ್ಲಿ ಕೂರಿಸಿದೆ. ಇನ್ನು ಏನೇ ಕೆಟ್ಟರೂ ಹೋಗುವುದು 200 ಲೀಟರ್ ಮಾತ್ರ. ಈ ಇಡೀ ಸಾಹಸದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಇದೊಂದೇ ಅನ್ನಿಸುತ್ತದೆ. ಒತ್ತಡ ಇನ್ನೂ ಇಳಿಯಿತು, ಮತ್ತೆ ಪಾತ್ರೆ ಇಟ್ಟು ಅಳೆದೆ, ಅರ್ಧ ಗಂಟೆ ಮುಕ್ಕಾಲು ಗಂಟೆಯಾಯಿತು. ಡ್ರಮ್ಮು ಖಾಲಿಯಾಗುತ್ತ ಬಂದಂತೆ ನೀರಿನ ಓಟವೂ ಕುಗ್ಗುವುದರಿಂದ ನಾಲ್ಕನೇ ದಿನಕ್ಕೆ ಕಾಯದೆ ಮೂರನೇ ದಿನವೇ ತುಂಬಿಸುತ್ತೇನೆ. ಬಾಯಿಗೆ ಸೊಳ್ಳೆ ಪರದೆ ಕಟ್ಟಿದ್ದೇನೆ.

ಆ ಡ್ರಮ್ಮು ಮರು ವರ್ಷ ಇನ್ನೊಂದು ರೀತಿಯಲ್ಲಿ ಒದಗಿ ಬಂತು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಜಲಮಂಡಳಿಯವರು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿದರು. ತರಕಾರಿ ತೊಳೆದ ನೀರು, ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರು ಬಕೆಟ್ಟಿನಲ್ಲಿ ಮೇಲೇರಿದವು. ಹೊತ್ತದ್ದು ಮಗ. ದಂಡದ ಮೊತ್ತ ಕೇಳಿದ ಮೇಲೆ ಅವನಿಗೂ ಬೇಗ ಎಚ್ಚರವಾಗುತ್ತಿತ್ತು. ಅರ್ಧದಷ್ಟು ಗಿಡಗಳನ್ನು ಕೈಬಿಟ್ಟೆವು. ಅಕ್ಕಿ ತೊಳೆದ ಕಲಗಚ್ಚನ್ನೂ ಡ್ರಮ್ಮಿಗೆ ಸುರಿದದ್ದು ನನ್ನ ತಪ್ಪು. ಎರಡೇ ದಿನದಲ್ಲಿ ಹುಳಿವಾಸನೆ. ಫಿಲ್ಟರಿನ ಜರಡಿಗೆ ಲೋಳೆ ಕಟ್ಟಿ ಡ್ರಿಪ್ಪರು ಒಂದೊಂದಾಗಿ ಬಾಯಿ ಮುಚ್ಚಿದವು. ಕಲಗಚ್ಚನ್ನು ಚೊಂಬಿನಲ್ಲಿ ನೇರ ಗಿಡದ ಬುಡಕ್ಕೇ ಹಾಕಬೇಕು, ಕೊಳವೆಗೆ ಹಾಕಬಾರದು. ಬೋರ್‌ವೆಲ್ ನೀರಿನ ಬಿಳಿ ಹಕ್ಕಳೆ ಬೇರೆ ಇದ್ದೇ ಇದೆ; ಡ್ರಿಪ್ಪರುಗಳನ್ನು ಬಿಚ್ಚಿ ಒಂದು ರಾತ್ರಿ ಹುಣಸೆಹುಳಿ ನೀರಿನಲ್ಲಿ ನೆನೆಹಾಕಿದರೆ ಬಿಡುತ್ತದೆ. ಹಿತ್ತಾಳೆ ಚೊಂಬು ಬೆಳಗುವ ಅತ್ತೆಯ ಉಪಾಯ ಅದು.

ನನ್ನ ತಾತನ ಊರು ಕೋಲಾರದ ಕಡೆ. ಕೆರೆಯ ತೂಬು ತೆಗೆದು ಮುಚ್ಚುವವನಿಗೆ ಅಲ್ಲಿ ನೀರಗಂಟಿ ಎನ್ನುತ್ತಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ಎನ್ನುವುದು ಅವನ ಮಾತು. ಹೆಗಲ ಮೇಲೆ ಸನಿಕೆ ಹೊತ್ತು ಬದುವಿನ ಮೇಲೆ ನಡೆಯುತ್ತಿದ್ದವನು ಆಗಾಗ ಗದ್ದೆಗಿಳಿದು ಹಿಮ್ಮಡಿಯನ್ನು ಮಣ್ಣಿಗೊತ್ತಿ ನೋಡುತ್ತಿದ್ದ. ಸರದಿ ಬಂದಿದ್ದರೂ ನೆಲ ತೇವವಾಗಿದ್ದರೆ "ನಾಳೆ" ಅಂದು ಮುಂದೆ ಹೋಗುತ್ತಿದ್ದ. ನನ್ನ ಡಬ್ಬಿಗೆ ಹಿಮ್ಮಡಿಯಿಲ್ಲ. ಅದಕ್ಕೆ ಸರದಿ ಗೊತ್ತು, ತೇವ ಗೊತ್ತಿಲ್ಲ. ಸೆಪ್ಟೆಂಬರಿನ ಒಂದು ರಾತ್ರಿ ಮೋಡ ಹರಿದಂತೆ ಮಳೆ ಬಂದು, ಬೆಳಿಗ್ಗೆ ಐದೂವರೆಗೆ ಕುಂಡಗಳಲ್ಲಿ ನೀರು ನಿಂತಿರುವಾಗಲೇ ಅದು 'ಗುರ್ರ್' ಎಂದು ನಿಷ್ಠೆಯಿಂದ ನೀರು ಬಿಟ್ಟಿತು. ದೊಡ್ಡಪತ್ರೆ ಕೊಳೆಯಿತು. ಲೋಳೆಸರವಂತೂ ಆ ಮೊದಲೇ ಹೋಗಿತ್ತು, ಬದನೆಗೆ ಕೊಟ್ಟಷ್ಟೇ ನೀರನ್ನು ಅದಕ್ಕೂ ಕುಡಿಸಿದ್ದೆನಲ್ಲ.

ಆಗ ನೆನಪಾದದ್ದು ಮತ್ತೆ ವಿಶ್ವೇಶ್ವರಯ್ಯನವರೇ. 1903ರಲ್ಲಿ ಪುಣೆ ಬಳಿಯ ಖಡಕವಾಸ್ಲ ಜಲಾಶಯಕ್ಕೆ ಅವರು ಹಾಕಿಸಿದ ಬಾಗಿಲುಗಳು ನೀರು ಒಂದು ಮಟ್ಟಕ್ಕೆ ಏರಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಸೆಲ್ಲಿಲ್ಲ, ಗಡಿಯಾರವಿಲ್ಲ, ನೀರನ್ನೇ ಕೇಳಿ ನಡೆಯುವ ಬಾಗಿಲು. ನೂರಿಪ್ಪತ್ತು ವರ್ಷದ ಮೇಲೆ ನಾನು ದುಡ್ಡು ಕೊಟ್ಟು ತಂದದ್ದು ನೀರನ್ನು ಕೇಳದೆ ನಡೆಯುವುದನ್ನು.

ಹಾಗಾಗಿ ಹಿಮ್ಮಡಿಯ ಕೆಲಸ ನನ್ನ ಬೆರಳಿಗೆ ಬಂದಿದೆ. ಕಾಫಿ ಲೋಟ ಹಿಡಿದು ಮೇಲೆ ಹೋಗಿ ಮೂರು ಕುಂಡಕ್ಕೆ, ಒಂದು ಹತ್ತಿರದ್ದು, ಒಂದು ನಡುವಿನದು, ಒಂದು ಕೊನೇ ಭಾಗದ್ದು, ಎರಡನೇ ಗೆಣ್ಣಿನವರೆಗೆ ಬೆರಳು ಊರಿ ನೋಡುತ್ತೇನೆ. ತೇವವಿದ್ದರೆ ಟೈಮರನ್ನು ಮುಟ್ಟುವುದಿಲ್ಲ. ಮುಟ್ಟಿ ಆಫ್ ಮಾಡಿದರೆ ಅದರ ಲೆಕ್ಕ ತಪ್ಪಿ ಮತ್ತೆ ಐದೂವರೆಗೆ ಅದರ ಮುಂದೆ ನಿಲ್ಲಬೇಕಾಗುತ್ತದೆ. ಅದರ ಹಿಂದಿನ ನಲ್ಲಿಯನ್ನಷ್ಟೇ ಮುಚ್ಚುತ್ತೇನೆ. ಮಳೆಗಾಲದಲ್ಲಿ ದಿನಗಟ್ಟಲೆ ಅದು ಹೊತ್ತಿಗೆ ಸರಿಯಾಗಿ ತೆರೆದು, ಏನೂ ಬಿಡದೆ, ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಮರದ ಪೆಟ್ಟಿಗೆಗಳಲ್ಲಿ ಹೊಸ ಲೋಳೆಸರ, ಕರಿಬೇವು ಈಗ ಬೇರೆಯಾಗಿ ಕೂತಿವೆ. ಅವಕ್ಕೆ ಪೈಪಿಲ್ಲ, ನೆನಪಾದಾಗ ಒಂದು ಚೊಂಬು.

ಸುಗ್ಗಿಯಲ್ಲಿ ನೀರಗಂಟಿಗೆ ಪ್ರತಿ ಮನೆಯಿಂದ ಆಯವೆಂದು ಧಾನ್ಯ ಅಳೆದು ಕೊಡುತ್ತಿದ್ದರು. ನಮ್ಮದಕ್ಕೆ ವರ್ಷಕ್ಕೆರಡು ಸಲ, ಯುಗಾದಿಗೆ ಮತ್ತು ಆಯುಧಪೂಜೆಗೆ, ಎರಡು ಹೊಸ ಸೆಲ್ಲು. ಕಳೆದ ಆಯುಧಪೂಜೆಯ ದಿನ ಅದನ್ನು ಬಿಚ್ಚಿ ಕೆಳಗೆ ತಂದಿದ್ದೆ. ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಸಾಲಿನಲ್ಲಿ ಅತ್ತೆ ಅದನ್ನೂ ಇಟ್ಟು, "ಸೋಪು ಹಚ್ಕೊಂಡಾಗ ಕೈ ಕೊಡಬೇಡಪ್ಪಾ" ಅಂತ ಹೇಳಿ, ಅರಿಶಿನ ಕುಂಕುಮ ಧಾರಾಳವಾಗಿಯೇ ಹಚ್ಚಿದರು. 12ಕ್ಕೂ 24ಕ್ಕೂ ನಡುವೆ ಕುಂಕುಮ ಕೂತುಬಿಟ್ಟಿದೆ, ತಿರುಪು ಈಗ ಸ್ವಲ್ಪ ಬಿಗಿ.